ಆಯಿ ಕಾರಿನ ಮಾರಿ ತೊಳೆದ ದಸರೆ

ಆಗೆಲ್ಲ ಜಮಖಂಡಿಯಲ್ಲಿ ನಮ್ಮ ಮನೆಗೆ ದಾರಿ ಕೇಳಿದರೆ ಯಾರೂ ಬಲಕ್ಕೆ ಎಡಕ್ಕೆ ಅನ್ನುತ್ತಿರಲಿಲ್ಲ. “ಸಪ್ಪಳ ಹಿಡಕೊಂಡು ಹೋಗ್ರಿ” ಅನ್ನುತ್ತಿದ್ದರು, ಅಷ್ಟೇ. ನಮ್ಮದು ತಾಂಬಟರ ಓಣಿ. ತಾಮ್ರ, ಹಿತ್ತಾಳೆ ಬಡಿದು ಕೊಡ, ಹಂಡೆ, ಪರಾತ ಮಾಡುವವರು ನಾವು. ಬೆಳಗಾದರೆ ಸಾಕು, ಮನೆಮನೆಯಲ್ಲೂ ಟಣ್ ಟಣ್ ಶುರುವಾಗುತ್ತಿತ್ತು. ಆ ಸಪ್ಪಳದಲ್ಲೇ ನಾನು ಮಗ್ಗಿ ಕಲಿತದ್ದು, ಗಜಗ ಆಡಿದ್ದು, ಮಧ್ಯಾಹ್ನ ನಿದ್ದೆ ಹೊಡೆದದ್ದು. ಬೇರೆ ಓಣಿಯ ಗೆಳತಿಯರು ಬಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅವರ ಮನೆಯಲ್ಲಿ ಇಷ್ಟು ಸುಮ್ಮನೆ ಹೇಗೆ ಇರುತ್ತಾರೋ ಅಂತ ನನಗೇ ಅವರ ಮೇಲೆ ಕನಿಕರ ಬರುತ್ತಿತ್ತು.

ನಮ್ಮ ಮನೆಯಲ್ಲಿ ಸುತ್ತಿಗೆ ಅಪ್ಪನದು, ಹೆಬ್ಬೆರಳು ಆಯಿಯದು. ಆಯಿ ಅಂದರೆ ಅಪ್ಪನ ತಾಯಿ ಗೋದಾವರಿ, ಓಣಿಗೆಲ್ಲ ಗೋದಕ್ಕ. ಅಪ್ಪ ಬಡಿದು ಮುಗಿಸಿದ ಕೊಡ ಮೊದಲು ಅವಳ ತೊಡೆಯ ಮೇಲೆ ಬರಬೇಕು. ಅವಳು ಕಣ್ಣು ಮುಚ್ಚಿ ಕೊಡದ ಸುತ್ತ ಹೆಬ್ಬೆರಳು ಆಡಿಸುತ್ತಿದ್ದಳು. ಎಲ್ಲಾದರೂ ಬೆರಳು ನಿಂತಿತೆಂದರೆ ಅಪ್ಪ ತುಟಿಪಿಟಕ್ಕೆನ್ನದೆ ಕೊಡವನ್ನು ಮತ್ತೆ ಒಯ್ಯುತ್ತಿದ್ದ. “ಕಣ್ಣು ಹೊಳಪಿಗೆ ಮೋಸ ಹೋಗತಾವು. ಬೆರಳು ಹೋಗೂದಿಲ್ಲ” ಎನ್ನುವುದು ಅವಳ ಮಾತು. ಹೂಂ ಅಂದಳೋ, ಆ ಕೊಡ ಪೇಟೆಗೆ ಹೋಗಲು ಲಾಯಕ್ಕು.

ನಾನು ಆರನೆಯ ಇಯತ್ತೆಯಲ್ಲಿದ್ದ ವರ್ಷ, ದಸರೆಗೆ ಇನ್ನೂ ತಿಂಗಳಿರುವಾಗ, ನಮ್ಮ ಊರಿನ ಹಳೆಯ ಡಾಕ್ಟರು ಸ್ಕೂಟರಿನ ಮೇಲೆ ಒಂದು ಗೋಣಿಚೀಲ ಹೇರಿಕೊಂಡು ನಮ್ಮ ಕಟ್ಟೆಗೆ ಬಂದರು. ಚೀಲ ಸುರುವಿದಾಗ ಬಂದದ್ದು ಬೋಗುಣಿಗಳಲ್ಲ. ಉದ್ದುದ್ದ ಪಟ್ಟಿಗಳು, ದೀಪದ ಸುತ್ತಿನ ಬಳೆಗಳು, ಬಾಗಿಲ ಹಿಡಿಕೆ, ಗಾಲಿಯ ಮುಚ್ಚಳ. ಕೆಲವಕ್ಕೆ ಜಂಗು, ಕೆಲವು ಬೊಬ್ಬೆ ಎದ್ದ ಚರ್ಮದಂತೆ. ಕೊನೆಗೆ ಹಳೇ ಧೋತರದಲ್ಲಿ ಸುತ್ತಿದ್ದ ಒಂದು ದೊಡ್ಡ ಚೌಕಟ್ಟು ಬಂತು. ಅದು ಕಾರಿನ ಮುಂಭಾಗದ ಜಾಳಿಗೆಯನ್ನು ಹಿಡಿದಿಡುವ ಚೌಕಟ್ಟು, ಮೇಲೆ ಕಮಾನಿನಂತೆ ಬಾಗಿದ್ದು. ನಾವು ಅದಕ್ಕೆ ಅಲ್ಲೇ ಹೆಸರಿಟ್ಟೆವು, ಕಾರಿನ ಮಾರಿ. ನಮ್ಮ ಕಡೆ ಮುಖಕ್ಕೆ ಮಾರಿ ಅಂತಲೇ ಅನ್ನುವುದು.

ಡಾಕ್ಟರ ತಂದೆ ಸಂಸ್ಥಾನದ ಕಾಲದಲ್ಲಿ ಕೊಂಡಿದ್ದ ಇಂಗ್ಲಂಡಿನ ಕಾರು ಅದು. ಎರಡೇ ಸೀಟು, ಮೇಲೆ ಚಾವಣಿ ಇಲ್ಲ. ಅವರ ಹಿತ್ತಲ ಶೆಡ್ಡಿನಲ್ಲಿ ಎಷ್ಟೋ ವರ್ಷದಿಂದ ನಿಂತಿತ್ತು. ಅದರ ಅಡಿಯಲ್ಲಿ ಅವರ ಮುಧೋಳ ನಾಯಿ ಮರಿ ಹಾಕಿದ್ದನ್ನು ನೋಡಲು ನಾವು ಹೋಗಿದ್ದೆವು, ಕಾರನ್ನು ನೋಡಿದವರಿಲ್ಲ. ಈಗ ಡಾಕ್ಟರು ಮಿರಜದ ಮಿಸ್ತ್ರಿಯಿಂದ ಎಂಜಿನ್ ಮಾಡಿಸಿದ್ದರು, ಹಸಿರು ಬಣ್ಣ ಹೊಡೆಸಿದ್ದರು. ಹೊಳೆಯುವ ಸಾಮಾನಷ್ಟೇ ಉಳಿದಿತ್ತು.

“ನಮ್ಮ ತಾಯಿಗೆ ಸೀಗಿ ಹುಣ್ಣಿವಿ ದಿನ ಸಹಸ್ರಚಂದ್ರದರ್ಶನ ಮಾಡ್ಲಿಕ್ಕತ್ತೀವಿ” ಅಂದರು ಡಾಕ್ಟರು. ಸೀಗಿ ಹುಣ್ಣಿವಿ ಅಂದರೆ ದಸರೆಯ ಬೆನ್ನಿಗೆ ಬರುವ ಹುಣ್ಣಿಮೆ. ಸಾವಿರ ಹುಣ್ಣಿಮೆ ಕಂಡ ಹಿರಿಯರಿಗೆ ಅವರ ಮನೆತನಗಳಲ್ಲಿ ಮಾಡುವ ಶಾಂತಿಯೇ ಸಹಸ್ರಚಂದ್ರದರ್ಶನ. “ಆ ದಿನ ಈ ಗಾಡ್ಯಾಗ ಕೂಡಿಸಿ ಊರ ತಿರಗಿಸಬೇಕಂತ ನನ್ನ ಆಸೆ. ಕಣ್ಣು ದಿನಾ ಮಂದ ಆಗ್ಲಿಕ್ಕತ್ತಾವ ಆಕೀದು. ಈ ಸಾಮಾನು ಹೊಳಪು ಮಾಡ್ಲಿಕ್ಕೆ ಪುಣೆಯವರು ಆರು ತಿಂಗಳು ಅಂತಾರ. ಅಷ್ಟು ದಿನಕ್ಕ ಆಕಿಗೆ ಏನೂ ಕಾಣಂಗಿಲ್ಲ.”

ಅಪ್ಪ ಒಂದೊಂದೇ ತುಂಡು ಎತ್ತಿ ಉಗುರಿನಿಂದ ತಟ್ಟಿ ಸಪ್ಪಳ ಕೇಳಿದ. “ಇದು ಕಬ್ಬಣ. ಇದು ಹಿತ್ತಾಳಿ. ತಗ್ಗು ತಗದು ನುಣ್ಣಗ ಮಾಡಿ ಕೊಡತೇನ್ರಿ. ಮ್ಯಾಲಿನ ಗಿಲೀಟು ಕೊಲ್ಲಾಪುರದಾಗ ಮಾಡಸೂಣು. ಹುಣ್ಣಿವಿಗೆ ನಿಮ್ಮ ಗಾಡಿ ತಯಾರ್ರಿ.”

ಮಾತು ಕೊಟ್ಟದ್ದಾಯಿತು. ಆ ವರ್ಷಗಳಲ್ಲಿ ಸ್ಟೀಲು ಬಂದು ನಮ್ಮ ಓಣಿಯ ಸುತ್ತಿಗೆಗಳು ಒಂದೊಂದಾಗಿ ಸುಮ್ಮನಾಗುತ್ತಿದ್ದವು. ಪುಣೆಯವರಿಂದ ಆಗದ್ದು ತಾಂಬಟರಿಂದ ಆಯಿತು ಅನ್ನಿಸಿಕೊಳ್ಳುವುದು ಅಪ್ಪನಿಗೆ ಎಷ್ಟು ಬೇಕಾಗಿತ್ತು ಅನ್ನುವುದು ನನಗೆ ಆಗ ಪೂರ್ತಿ ತಿಳಿದಿರಲಿಲ್ಲ. ಆದರೆ ಶಾಲೆಯಲ್ಲಿ ಮಾತ್ರ ಮರುದಿನವೇ ಡಂಗುರ ಸಾರಿದೆ.

ಮೂರು ವಾರ ಅಪ್ಪ ಆ ಪಟ್ಟಿಗಳನ್ನು ಬಡಿದ, ಉಜ್ಜಿದ. ಮಾರಿಯನ್ನು ಮಾತ್ರ ಮುಟ್ಟಲಿಲ್ಲ. ಅದರ ಗಿಲೀಟು, ಅಂದರೆ ಮೇಲಿನ ಹೊಳಪಿನ ಲೇಪ, ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು. “ಮಾರಿ ಛಲೋ ಐತಿ, ಅದಕ್ಕೇನೂ ಬ್ಯಾಡ” ಅಂದು ಗೂಟಕ್ಕೆ ನೇತುಹಾಕಿ, ಉಳಿದದ್ದನ್ನೆಲ್ಲ ಕಟ್ಟಿಕೊಂಡು ಕೊಲ್ಲಾಪುರದ ಬಸ್ಸು ಹತ್ತಿದ. ಎರಡು ದಿನಕ್ಕೆ ಬರುತ್ತೇನೆಂದ.

ಅಷ್ಟರಲ್ಲಿ ದಸರೆ ಬಂತಲ್ಲ! ತಾಂಬಟರ ಮನೆಯ ದಸರೆ ತೊಳೆತ ಅಂದರೆ ಏನು ಅಂದುಕೊಂಡಿರಿ? ಅಟ್ಟದ ಮೇಲಿನ ಒಂದು ಚಮಚವೂ ಉಳಿಯಬಾರದು. ಅಂಗಳದ ತುಂಬ ಪಾತ್ರೆ, ಒಂದು ಪರಾತದಲ್ಲಿ ನೆನೆಹಾಕಿದ ಹುಣಸೆಹಣ್ಣು, ಒಂದರಲ್ಲಿ ಬೂದಿ, ಒಂದರಲ್ಲಿ ಇಟ್ಟಂಗಿಯ ಪುಡಿ. ಆ ಹುಳಿ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ನಾನು ಆಯಿಯ ಕಣ್ಣು ತಪ್ಪಿಸಿ ಹುಣಸೆ ಚೀಪುತ್ತಿದ್ದೆ. ಬೀಜಗಳನ್ನು ಆಟಕ್ಕೆಂದು ಲಂಗದ ತುದಿಗೆ ಕಟ್ಟಿಕೊಳ್ಳುತ್ತಿದ್ದೆ. ನಡುವೆ ಅವ್ವ ಬಿಸಿ ರೊಟ್ಟಿ ಮೇಲೆ ಶೇಂಗಾ ಹಿಂಡಿ ಹಾಕಿ ತಂದು, ನಮ್ಮ ಕೈ ಮಸಿಯಾಗಿದ್ದರಿಂದ ಬಾಯಿಗೇ ತುತ್ತು ಇಡುತ್ತಿದ್ದಳು.

ಗೂಟದ ಮೇಲಿನ ಮಾರಿಯನ್ನು ಕೆಳಗಿಳಿಸಿದ್ದು ನಾನೇ. ಈ ಮಾತನ್ನು ಎಷ್ಟೋ ವರ್ಷ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಒರೆಸೋಣವೆಂದು ಇಳಿಸಿದೆ. ಮಾರಿಯ ಬಲಗೆನ್ನೆಯ ಅಂಚಿನಲ್ಲಿ ಎಳ್ಳಿನಷ್ಟು ಸಿಪ್ಪೆ ಎದ್ದಿತ್ತು. ಉಗುರು ಹಾಕಿದೆ. ಒಳಗೆ ಹಳದಿ ಕಂಡಿತು.

“ಆಯಿ, ಇದರೊಳಗ ಹಿತ್ತಾಳಿ ಐತಿ ನೋಡಬೇ!”

ಆಯಿ ಕಣ್ಣು ಕಿರಿದು ಮಾಡಿ ನೋಡಿದಳು. ಅವಳ ಜನ್ಮದಲ್ಲಿ ಬಿಳಿ ಲೇಪ ಅಂದರೆ ಕಲಾಯಿ ಒಂದೇ. ಅದನ್ನು ಹಾಕುವುದು ಪಾತ್ರೆಯ ಒಳಗೆ, ಹುಳಿ ಪದಾರ್ಥ ಕಿಲುಬದಿರಲೆಂದು. ಹೊರಗೆ ಕಲಾಯಿ ಬಳಿದ ಪಾತ್ರೆಯನ್ನು ಅವಳು ಕಂಡವಳೇ ಅಲ್ಲ.

“ಇಂಥಾ ಬಂಗಾರದಂಥ ಹಿತ್ತಾಳಿಗೆ ಹೊರಗ ಕಲಾಯಿ ಬಳದಾರಲ್ಲಬೇ! ಮಾರಿಗೆ ಯಾರರೆ ಸುಣ್ಣ ಹಚಗೋತಾರೇನು? ಹಿಂಗ ಬಳದಾರಂದ್ರ ಏನೋ ಮುಚ್ಚ್ಯಾರಂತ ತಿಳಿ. ಒಳಗ ಹುಳುಕ, ಮ್ಯಾಲೆ ಥಳಕ!”

“ಅಪ್ಪ ಅದಕ್ಕೇನೂ ಬ್ಯಾಡ ಅಂದಾನಲ್ಲ?”

“ಅವಗ ಟೈಮ್ ಇಲ್ಲ, ಅದಕ್ಕ ಅಂದಾನ. ಹಬ್ಬದಾಗ ಮಂದಿ ಸಾಮಾನು ನಮ್ಮನ್ಯಾಗ ಹೊಲಸ ಇರಬಾರದು.”

ತಾಮ್ರ ತೊಳೆಯುವ ತೇಜಾಬಿನ, ಅಂದರೆ ಆಸಿಡ್ಡಿನ, ಬಾಟಲಿ ಹೊರಗೆ ಬಂತು. ನನ್ನನ್ನು ಹತ್ತು ಮಾರು ದೂರ ನಿಲ್ಲಿಸಿ ಆಯಿ ಕೋಲಿಗೆ ಚಿಂದಿ ಕಟ್ಟಿ ಸವರಿದಳು. ಬುಸುಬುಸು ನೊರೆ ಎದ್ದು ಹಸಿರು ನೀರು ಇಳಿಯಿತು. ಅದರ ಕೆಳಗೆ ಇನ್ನೊಂದು ಮಬ್ಬು ಪದರ. ಆಯಿಗೆ ಇನ್ನೂ ಹುರುಪು ಬಂತು. ಕುಲುಮೆಗೆ ಹಿಡಿದು ಕಾಯಿಸಿದಳು. ಹಳೆಯದಾಗಿ ಹಿಡಿತ ಬಿಟ್ಟಿದ್ದ ಪದರ ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯಿತು. ಆಮೇಲೆ ಹುಣಸೆ, ಬೂದಿ, ಇಟ್ಟಂಗಿ ಪುಡಿ. ಸಂಜೆಯ ಹೊತ್ತಿಗೆ ಮಾರಿ ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ನಾವಿಬ್ಬರೂ ಅದನ್ನು ಬಾಗಿಲಿಗೆ ಎದುರಾಗಿ ನೇತುಹಾಕಿದೆವು, ಅಪ್ಪನಿಗೆ ಬಂದ ಕೂಡಲೇ ಕಾಣಲಿ ಅಂತ. ನಾನು ಅದಕ್ಕೆ ಚೆಂಡುಹೂವಿನ ಮಾಲೆಯನ್ನೂ ಹಾಕಿದೆ.

ಒಂದೇ ಒಂದು ವಿಚಿತ್ರವಾಗಿತ್ತು. ಕಾಯಿಸುವಾಗ ಬಲಗೆನ್ನೆಯಿಂದ ಸೀಸ ಕರಗಿ ತೊಟತೊಟ ಬಿದ್ದು, ಅಲ್ಲೊಂದು ಅಂಗೈ ಅಗಲದ ತಗ್ಗು ಕಾಣಿಸಿಕೊಂಡಿತ್ತು. “ನಾ ಹೇಳಲಿಲ್ಲ? ಮುಚ್ಚಿದ್ರು ನೋಡು” ಅಂದಿದ್ದಳು ಆಯಿ, ಗೆದ್ದವರ ಹಾಗೆ.

ಮರುದಿನ ಅಪ್ಪ ಬಂದ. ಬಾಗಿಲಲ್ಲಿ ನಿಂತ. ಮಾಲೆ ಹಾಕಿಕೊಂಡ ಮಾರಿಯನ್ನು ನೋಡಿದ. ಚೀಲ ಕೆಳಗಿಟ್ಟು ಹೊಸ್ತಿಲ ಮೇಲೆ ಕೂತ.

“ಯವ್ವಾ, ಏನ ಮಾಡಿದಿಬೇ ಇದು? ಅದು ಕಲಾಯಿ ಅಲ್ಲ. ಗಿಲೀಟು. ಅದು ಹೊರಗ ಇರೂದು. ಅದರ ಸಲುವಾಗೇ ಅವರು ಬಂದದ್ದು!”

ಆಯಿಯ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಐವತ್ತು ವರ್ಷ ಲೋಹ ಮುಟ್ಟಿದ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ಸಿಪ್ಪೆ ತೋರಿಸಿದವಳು ನಾನು ಅಂತ ಬಾಯಿಗೆ ಬಂತು, ಹೊರಗೆ ಬರಲಿಲ್ಲ. ಅವಳೂ ನನ್ನ ಹೆಸರು ಎತ್ತಲಿಲ್ಲ.

“ನಾ ಡಾಕ್ಟರಿಗೆ ಏನಂತ ಹೇಳಲಿ?” ಅಂದ ಅಪ್ಪ. “ಬಸ್ಸಿನ್ಯಾಗ ಬಿದ್ದು ನೆಗ್ಗೇತಿ ಅನ್ನಲಿ?”

ಆಯಿ ಎದ್ದಳು. “ಸುಳ್ಳ ಯಾಕ ಹೇಳತಿ? ತೊಳದಾಕಿ ನಾನು, ಹೇಳಾಕಿನೂ ನಾನ. ರತ್ನಿ, ನಡಿ. ಮಾರಿ ತಗೋ.” ರತ್ನಿ ಅಂದರೆ ನಾನು.

ಡಾಕ್ಟರ ತಾಯಿಗೆ ಊರೆಲ್ಲ ಕಾಕೂ ಅನ್ನುತ್ತಿತ್ತು. ಸಣ್ಣ ಜೀವ, ಬಿಳಿ ಕೂದಲು. ಪಡಸಾಲೆಯ ಜೋಕಾಲಿಯ ಮೇಲೆ ಕೂತಿದ್ದರು. ಡಾಕ್ಟರು ದವಾಖಾನೆಗೆ ಹೋಗಿದ್ದರು. ಆಯಿ ಸುತ್ತಿ ಬಳಸದೆ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಕಾಕೂ ಕೈ ಚಾಚಿದರು. ನಾನು ಮಾರಿಯನ್ನು ಅವರ ತೊಡೆಯ ಮೇಲಿಟ್ಟೆ. ಅವರ ಬೆರಳು ಕಮಾನಿನ ಮೇಲೆ ಸರಿದು, ಇಳಿದು, ಬಲಗೆನ್ನೆಯ ತಗ್ಗಿನಲ್ಲಿ ನಿಂತಿತು. ಥೇಟ್ ನಮ್ಮ ಆಯಿಯ ಬೆರಳು ನಿಲ್ಲುವ ಹಾಗೆ.

“ಅಯ್ಯ! ಇದು ಇನ್ನೂ ಅದ?” ಕಾಕೂ ಜೋರಾಗಿ ನಕ್ಕರು. “ಗೋದಾ, ಇದು ನಾ ಬಡದದ್ದು.”

ಮದುವೆಯಾದ ಹೊಸದರಲ್ಲಿ ಅವರೇ ಆ ಕಾರು ನಡೆಸುತ್ತಿದ್ದರಂತೆ. ಸೀರೆ ಉಟ್ಟ ಹುಡುಗಿ ಕಾರು ನಡೆಸುವುದನ್ನು ನೋಡಲು ಜನ ಬಾಗಿಲಿಗೆ ಬರುತ್ತಿದ್ದರಂತೆ. ಒಂದು ದಿನ ಹುನ್ನೂರ ದಾರಿಯಲ್ಲಿ ಎತ್ತಿನ ಗಾಡಿಯ ಅಚ್ಚಿಗೆ ತಗುಲಿಸಿದರು. ಯಜಮಾನರು ಯಾರಿಗೂ ಗೊತ್ತಾಗದ ಹಾಗೆ ಪುಣೆಗೆ ಒಯ್ದು ತಗ್ಗಿಗೆ ಸೀಸ ತುಂಬಿಸಿ ಗಿಲೀಟು ಮಾಡಿಸಿದರು. ಆಮೇಲೆ ಕೀಲಿಕೈ ಇವರ ಕೈಗೆ ಕೊಡಲಿಲ್ಲ.

“ಬೈಲಿಲ್ಲ, ಹೊಡೀಲಿಲ್ಲ. ಮುಚ್ಚಿದ್ರು. ಅಷ್ಟ” ಅಂದರು ಕಾಕೂ. ನಗು ನಿಂತಿತ್ತು. “ಒಂದು ತಗ್ಗಿಗೆ ಜನ್ಮ ಪೂರ್ತಿ ಬಾಜೂ ಸೀಟಿನ್ಯಾಗ ಕೂತೆ. ಗೋದಾ, ಈಗ ಇದನ್ನ ಮುಚ್ಚಬ್ಯಾಡ್ರಿ. ಸರಿ ಮಾಡ್ರಿ. ಆಗ್ತದೇನು?”

“ಆಗತೈತ್ರಿ ಕಾಕೂ” ಅಂದಳು ಆಯಿ. ಅವಳ ಕೈ ಸೆರಗಿನಿಂದ ಹೊರಗೆ ಬಂದಿತ್ತು.

ಹುಣ್ಣಿಮೆಗೆ ಹನ್ನೊಂದು ದಿನ ಉಳಿದಿತ್ತು. ಕೊಲ್ಲಾಪುರದ ಗಿಲೀಟಿನವರು ಅಪ್ಪನಿಗೆ ಮೊದಲೇ ಹೇಳಿದ್ದರು: ಗಿಲೀಟು ಏನನ್ನೂ ಮುಚ್ಚುವುದಿಲ್ಲ, ಕೆಳಗಿನ ಲೋಹದಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಮೇಲೆ ಕನ್ನಡಿಯಂತೆ ತೋರಿಸುತ್ತದೆ. ಅಪ್ಪ ಒಳಗಿನಿಂದ ಕಬ್ಬಿಣದ ಗುಂಡು ಕೊಟ್ಟು ಸಣ್ಣ ಸುತ್ತಿಗೆಯಲ್ಲಿ ತಗ್ಗನ್ನು ಎಬ್ಬಿಸತೊಡಗಿದ. ಜೋರಾಗಿ ಬಡಿದರೆ ಹಿತ್ತಾಳೆ ಸೀಳುತ್ತದೆ. ಹತ್ತು ಏಟು, ಮತ್ತೆ ಕಾಯಿಸುವುದು, ತಣಿಸುವುದು, ಮತ್ತೆ ಹತ್ತು ಏಟು. ಒಂದೊಂದು ಸರದಿಗೂ ಆಯಿ ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದಳು. “ಇನ್ನೊಂದೀಟು... ಇಲ್ಲಿ ಹೆಚ್ಚಾತು... ಕೆಳಗ... ಎಡಕ್ಕ.” ಅಪ್ಪ ಬೆವರು ಒರೆಸಿಕೊಂಡು ಒಮ್ಮೆ ರೇಗಿದ. “ಯವ್ವಾ, ನನ್ನ ಕಣ್ಣಿಗೆ ಸರಿ ಕಾಣಾಕತ್ತೈತಿ!”

“ನಿನ್ನ ಕಣ್ಣಿಗೆ ಮಾರಿ ಛಲೋ ಐತಿ ಅಂತನೂ ಕಂಡಿತ್ತು. ಬಡಿ.”

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಆ ದಿನದ ನಂತರ ಮನೆಯಲ್ಲಿ ಮತ್ತೆ ಮಾತು ಶುರುವಾಯಿತು.

ಏಳನೆಯ ದಿನ ಆಯಿಯ ಬೆರಳು ಬಲಗೆನ್ನೆಯ ಮೇಲೆ ನಿಲ್ಲದೆ ಹಾದುಹೋಯಿತು. ಎರಡನೆಯ ಸಲವೂ ಹಾದುಹೋಯಿತು. “ಹೂಂ” ಅಂದಳು. ಅಪ್ಪ ಸುತ್ತಿಗೆ ಕೆಳಗಿಟ್ಟ.

ಇನ್ನು ಉಜ್ಜುವುದು. ಅರದ ಗೆರೆ ಹೋಗಲು ಉಸುಕಿನ ಕಾಗದ, ಕಾಗದದ ಗೆರೆ ಹೋಗಲು ಇದ್ದಲು, ಇದ್ದಲಿನ ಗೆರೆ ಹೋಗಲು ಜಾಲಿಸಿದ ಬೂದಿ ಮತ್ತು ಎಣ್ಣೆ. ಎಡಗೆನ್ನೆಯ ಕೆಳಭಾಗ ನನ್ನ ಪಾಲಿಗೆ ಬಂತು. ಗಜಗ ಇಲ್ಲ, ಕುಂಟಾಟ ಇಲ್ಲ. ಶಾಲೆಯಿಂದ ಬಂದು ಉಜ್ಜುವುದೊಂದೇ. ಕೊನೆಯ ದಿನ ನನ್ನ ಅರಿವೆಯಲ್ಲಿ ಒಂದು ಹರಳು ಉಸುಕು ಸಿಕ್ಕಿಕೊಂಡಿತ್ತು. ಸರ್ರನೆ ಒಂದು ಗೀರು ಬಿತ್ತು, ಅಕ್ಕಿಕಾಳಿನಷ್ಟು ಉದ್ದ. ಉಜ್ಜಿದೆ, ಉಜ್ಜಿದೆ, ಅಳುತ್ತ ಉಜ್ಜಿದೆ. ಅಪ್ಪ ಬಸ್ಸಿಗೆ ಹೊರಟು ನಿಂತಿದ್ದ. ಆಯಿ ಬೆರಳಾಡಿಸಿದಳು. ನನ್ನ ಗೀರಿನ ಮೇಲೆ ಬೆರಳು ನಿಂತಿತು. ನನ್ನ ಮುಖ ನೋಡಿದಳು. ಜನ್ಮದಲ್ಲಿ ಮೊದಲನೇ ಸಲ, ಬೆರಳು ನಿಂತ ಮೇಲೂ “ಹೂಂ” ಅಂದಳು.

ಕೊಲ್ಲಾಪುರದಲ್ಲಿ ಗಿಲೀಟಿನ ಮಾಲಕ ಮಾರಿಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ, ಯಾವ ಯಂತ್ರದಲ್ಲಿ ಮಾಡಿಸಿದ್ದು ಅಂತ ಕೇಳಿದನಂತೆ. “ನಮ್ಮವ್ವನ ಹೆಬ್ಬೆರಳಿನ್ಯಾಗ ಅಂದೆ” ಎಂದು ಅಪ್ಪ ಬಂದು ಹೇಳಿದ. ಆ ಮಾತನ್ನು ಆಯಿ ಮೂರು ಸಲ ಹೇಳಿಸಿದಳು. ಕಿವಿ ಕೇಳಲಿಲ್ಲ ಅಂತ ನೆಪ. ಅವಳ ಕಿವಿ ಬೆಕ್ಕಿನ ಕಿವಿ!

ಸೀಗಿ ಹುಣ್ಣಿಮೆಯ ಬೆಳಿಗ್ಗೆ ಊರವರು ಹೊಲಕ್ಕೆ ಬುತ್ತಿ ಹೊತ್ತು ಹೋಗುವ ಹೊತ್ತಿಗೆ ಡಾಕ್ಟರ ಅಂಗಳದಲ್ಲಿ ಕಾರು ನಿಂತಿತ್ತು. ಹಸಿರು ಮೈಗೆ ಬೆಳ್ಳನೆಯ ಅಂಚು. ಅದರ ಮಾರಿಯೊಳಗೆ ಇಡೀ ಅಂಗಳ, ತುಳಸಿಕಟ್ಟೆ, ಆಕಾಶ, ನನ್ನ ಎರಡು ಜಡೆ, ಎಲ್ಲ ಕಾಣುತ್ತಿದ್ದವು. ನಮ್ಮ ಓಣಿಗೆ ಓಣಿಯೇ ಬಂದಿತ್ತು. ಕಾಕೂಗೆ ಅಷ್ಟರಲ್ಲಿ ನೆರಳು ಬೆಳಕು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅವರು ಕಾರಿನ ಮುಂದೆ ನಿಂತು ಎರಡೂ ಕೈಯಿಂದ ಮಾರಿ ಸವರಿದರು. ಬಲಗೆನ್ನೆಯ ಮೇಲೆ ಹೋದ ಬೆರಳು ಮತ್ತೆ ಮತ್ತೆ ಅಲ್ಲಿಗೇ ಬಂತು. ತಗ್ಗು ಇರಲಿಲ್ಲ.

ಆಮೇಲೆ ಎಡಗೆನ್ನೆಗೆ ಬಂದರು. ಉಗುರು ನಿಂತಿತು.

“ಇಲ್ಲೇನೋ ಅದಲ್ಲ ಗೋದಾ?”

“ಗಿಲೀಟು ಚಾಡಿಕೋರ ಐತ್ರಿ ಕಾಕೂ, ಏನೂ ಮುಚ್ಚೂದಿಲ್ಲ. ನನ್ನ ಮೊಮ್ಮಗಳು ಗೀರ್‍ಯಾಳ್ರಿ. ಮತ್ತ ತಗದು ಮಾಡತೇವಿ.”

“ಏನೂ ಬ್ಯಾಡ” ಅಂದರು ಕಾಕೂ. “ನನ್ನ ತಗ್ಗು ಹೋತು. ಆಕಿ ಗೀರು ಇರ್ಲಿ.”

ಡಾಕ್ಟರು ಬಾಜೂ ಸೀಟಿನ ಬಾಗಿಲು ತೆರೆದರು. ಕಾಕೂ ಆ ಕಡೆ ಹೋಗಲೇ ಇಲ್ಲ. ಕೈಯಿಂದ ಕಾರು ಹಿಡಿದುಕೊಂಡೇ ಸುತ್ತು ಹಾಕಿ, ಚಾಲಕನ ಸೀಟಿನಲ್ಲಿ ಕೂತು, ಸ್ಟೇರಿಂಗ್ ಹಿಡಿದರು. ಡಾಕ್ಟರು ತೆರೆದ ಬಾಗಿಲು ಮುಚ್ಚಿ ಅವರ ಕಡೆಗೆ ಓಡಿ ಬಂದರು. “ಎಂಜಿನ್ ಹಚ್ಚಬ್ಯಾಡ್ರಿ, ನೂಕ್ರಿ” ಅಂದ ಅಪ್ಪ. ತಾಂಬಟರೆಲ್ಲ ಹಿಂದೆ ನಿಂತು ನೂಕಿದೆವು. ಡಾಕ್ಟರು ಬಾಜೂದಿಂದ ಸ್ಟೇರಿಂಗಿಗೆ ಒಂದು ಬೆರಳು ಕೊಟ್ಟು ನಡೆದರು. ಅಂಗಳದಿಂದ ಗೇಟಿನವರೆಗೆ ಕಾಕೂ ಕಾರು ನಡೆಸಿದರು. ಅವರ ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ: “ಜೋರಾಗಿ ನೂಕ್ರೋ, ಊಟ ಮಾಡಿಲ್ಲೇನು?”

ಗೇಟಿನಲ್ಲಿ ನಿಲ್ಲಿಸಿ ಕಾಕೂ ಕರೆದರು. “ಗೋದಾ, ಬಾ, ಬಾಜೂ ಕೂಡು. ಇಬ್ಬರೂ ಹೋಗೂಣು.”

ಜಮಖಂಡಿಯಲ್ಲಿ ಯಾವ ಹೆಂಗಸು ಬೇಡವೆಂದಾಳು? ನಮ್ಮ ಆಯಿ ಬೇಡವೆಂದಳು. ಗೇಟಿನ ಹೊರಗೆ ರಸ್ತೆಯ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಒಳಗ ಕುಂತರ ಮಾರಿ ಕಾಣೂದಿಲ್ರಿ ಕಾಕೂ. ನಾ ಮಾಡಿದ್ದು ನಾ ನೋಡಬ್ಯಾಡೇನು? ನೀವು ಬರ್‍ರಿ. ನಾ ಇಲ್ಲೇ ನಿಂತು ನೋಡತೇನಿ.”

ಆಮೇಲೆ ಡಾಕ್ಟರು ಎಂಜಿನ್ ಹಚ್ಚಿದರು, ಕಾಕೂ ಜರುಗಿ ಬಾಜೂ ಕೂತರು. ಬಿಸಿಲಿಗೆ ಹೊಳೆಯುತ್ತ ಕಾರು ನಮ್ಮತ್ತ ಬಂತು. ಆಯಿ ದಾರಿ ಬಿಟ್ಟದ್ದು ಕೊನೇ ಗಳಿಗೆಯಲ್ಲಿ. ಅಷ್ಟು ಎತ್ತರವಾಗಿ ನಿಂತ ಆಯಿಯನ್ನು ನಾನು ಮತ್ತೆಂದೂ ನೋಡಲಿಲ್ಲ. ನನಗಂತೂ ನೆಲದ ಮೇಲೆ ಕಾಲಿರಲಿಲ್ಲ.

ಈಗ ನಾನು ಬನಹಟ್ಟಿಯಲ್ಲಿದ್ದೇನೆ. ಆಯಿ ಹೋಗಿ, ಅಪ್ಪನೂ ಹೋಗಿ ವರ್ಷಗಳಾದವು. ತವರಿಗೆ ಹೋದರೆ ನಮ್ಮ ಓಣಿಯಲ್ಲಿ ಪ್ಲಾಸ್ಟಿಕ್ ಕೊಡದ ಅಂಗಡಿ, ಮೊಬೈಲ್ ಅಂಗಡಿ. ದಾರಿ ಕೇಳಿದವರಿಗೆ ಬಲಕ್ಕೆ ಎಡಕ್ಕೆ ಅಂತಲೇ ಹೇಳಬೇಕು, ಹಿಡಿದುಕೊಂಡು ಹೋಗಲು ಸಪ್ಪಳವಿಲ್ಲ. ಕಾಕೂ ತೀರಿಕೊಂಡ ಮೇಲೆ ಕಾರು ಪುಣೆಯ ಯಾರ ಕೈಗೋ ಹೋಯಿತು.

ಹೋದ ತಿಂಗಳು ನನ್ನ ತಮ್ಮ ಮೊಬೈಲಿಗೆ ಒಂದು ಫೋಟೋ ಕಳಿಸಿದ. ಎಲ್ಲೋ ಹಳೆಯ ಕಾರುಗಳ ಮೆರವಣಿಗೆ. ನೋಡಿದ ತಕ್ಷಣ ಗುರುತು ಹಿಡಿದೆ. ಮಗಳಿಂದ ಫೋಟೋ ದೊಡ್ಡದು ಮಾಡಿಸಿದೆ, ಇನ್ನೂ ದೊಡ್ಡದು ಮಾಡಿಸಿದೆ.

“ಏನ ಹುಡಕಾಕತ್ತೀಬೇ ಯವ್ವಾ?” ಅಂದಳು ಅವಳು.

“ನನ್ನ ಗೀರು.”

ಇರಲಿಲ್ಲ. ಹೊಸ ಗಿಲೀಟು ಮಾಡಿಸಿದ್ದರು, ಯಂತ್ರಕ್ಕೆ ಹಿಡಿದು ಉಜ್ಜಿಸಿ ತೆಗೆದುಬಿಟ್ಟಿದ್ದರು. ಕಾರು ಚೆಂದವಾಗಿಯೇ ಕಾಣುತ್ತಿತ್ತು. ನನಗೆ ಸಿಟ್ಟು ಬಂತು. ಕಾಕೂ ಇರಲಿ ಅಂದದ್ದನ್ನು ತೆಗೆಯಲು ಇವರು ಯಾರು? ಆದರೆ ಬಲಗೆನ್ನೆ ಹಾಗೆಯೇ ಇತ್ತು. ಆ ಬಾಗು ಅಪ್ಪ ಬಡಿದದ್ದು, ಆಯಿ ಹೂಂ ಅಂದದ್ದು. ಎಷ್ಟು ಗಿಲೀಟು ಬದಲಾದರೂ ಕೆಳಗಿನ ಹಿತ್ತಾಳೆ ನಮ್ಮ ಮನೆಯದು. ಮಗಳಿಗೆ ಎಲ್ಲ ಹೇಳಿದೆ, ತೇಜಾಬಿನಿಂದ ಹಿಡಿದು ಗೇಟಿನವರೆಗೆ. ಹೇಳಿ ಮುಗಿಸಿ, ಕಣ್ಣು ಮುಚ್ಚಿ, ಫೋಟೋದ ಬಲಗೆನ್ನೆಯ ಮೇಲೆ ಹೆಬ್ಬೆರಳು ಆಡಿಸಿದೆ.

ಗಾಜು. ಎಲ್ಲಿ ಮುಟ್ಟಿದರೂ ಒಂದೇ ಸಮ.